ಹೊರಗಿನ ಸೈಲೆನ್ಸರ್ ಹಾಕಿದ ಕ್ಲಾಸಿಕ್ 350: ಸದ್ದು ಇಳಿಸೋದು ಹೇಗೆ?

ಹಾಸನ_350
ಗಾಡಿ 2016ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಕಾರ್ಬುರೇಟರ್ ಇರೋದು. ಹಾಕಿರೋದು ಹೊರಗಿನ (ಕಂಪನಿಯದಲ್ಲದ) ಶಾರ್ಟ್ ಬಾಟಲ್ ಸೈಲೆನ್ಸರ್. ಹಿಂದಿನಿಂದ ಟಾರ್ಚ್ ಬಿಟ್ಟರೆ ಬೆಂಡ್ ಪೈಪ್ (ಎಂಜಿನ್‌ನಿಂದ ಸೈಲೆನ್ಸರಿಗೆ ಬರುವ ಬಾಗಿದ ಪೈಪ್) ತನಕ ನೇರ ಕಾಣುತ್ತೆ, ನಡುವೆ ಪ್ಲೇಟ್ ಗೀಟ್ ಏನೂ ಇಲ್ಲ, ಬರೀ ಜಾಲಿ ಪೈಪ್.
ಅಳತೆ: ಬಾಟಲ್ ಉದ್ದ 35 ಸೆಂ.ಮೀ., ಒಳವ್ಯಾಸ 90 ಮಿ.ಮೀ., ಜಾಲಿ ಪೈಪಿನ ಹೊರವ್ಯಾಸ 45 ಮಿ.ಮೀ., ಬೆಂಡ್ ಪೈಪಿನ ಒಳವ್ಯಾಸ ಸುಮಾರು 32 ಮಿ.ಮೀ.
ತೊಂದರೆ ಮೂರು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಪಕ್ಕದ ಮನೆ ಕಿಟಕಿ ಗಾಜು ನಡುಗುತ್ತೆ. ಆಕ್ಸಿಲರೇಟರ್ ಕೊಟ್ಟಾಗ ಕಿವಿಗೆ ಚುಚ್ಚುವ ಹಾಗೆ ಹರಿದ ಸದ್ದು. ಬಿಟ್ಟಾಗ ಪಟ್ ಪಟ್ ಅಂತ ಪಟಾಕಿ. ಕಂಪನಿ ಸೈಲೆನ್ಸರ್ ಈಗ ಇಲ್ಲ. ಗೊತ್ತಿರೋರು ದಾರಿ ಹೇಳಿ.

ಜೆಸಿ_ರೋಡ್
ಮೊದಲು ನೇರ ಮಾತು ಹೇಳ್ತೀನಿ, ಬೇಜಾರಾಗಬೇಡಿ. ಕಂಪನಿ ಸೈಲೆನ್ಸರ್ ವಾಪಸ್ ಹಾಕೋದೇ ಎಲ್ಲಕ್ಕಿಂತ ಒಳ್ಳೆ ಕೆಲಸ. ಈ ಗಾಡಿಗೆ ಬಿಚ್ಚಿಟ್ಟ ಕಂಪನಿ ಸೈಲೆನ್ಸರ್‌ಗಳು ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಹಳೇ ಪಾರ್ಟ್ಸ್ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತೆ, ಯಾಕೆಂದರೆ ಹೊಸ ಗಾಡಿ ತಂದ ವಾರಕ್ಕೇ ಬಿಚ್ಚಿಸಿದವರು ಬಹಳ ಜನ.
ತಗೊಳ್ಳುವಾಗ ನೋಡಬೇಕಾದ್ದು: ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಒಳಗೆ ಗಲಗಲ ಅಂದರೆ ಒಳಗಿನ ಪ್ಲೇಟಿನ ವೆಲ್ಡಿಂಗ್ ಬಿಟ್ಟಿದೆ, ಬೇಡ. ಕೆಳಮೈಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ, ತುಕ್ಕು ತಿಂದ ಜಾಗ ಮಂದವಾಗಿ ಕೇಳುತ್ತೆ. ಹಿಂದಿನ ತುದಿಯಿಂದ ಟಾರ್ಚ್ ಬಿಟ್ಟಾಗ ನೇರ ಬೆಳಕು ಮುಂದಕ್ಕೆ ಹಾಯ್ದು ಹೋದರೆ ಯಾರೋ ಒಳಗೆ ರಾಡ್ ಹೊಡೆದು ಪ್ಲೇಟ್ ತೂತು ಮಾಡಿದ್ದಾರೆ. ಹೊರಗಿನಿಂದ ಕಂಪನಿಯದೇ ಥರ ಕಾಣುತ್ತೆ, ಸದ್ದು ಮಾತ್ರ ಈಗಿನದರಷ್ಟೇ ಇರುತ್ತೆ.

ಬೆಂಡ್‌ಪೈಪ್
ಜೆಸಿ ರೋಡ್ ಸರ್ ಹೇಳಿದ್ದು ಸರಿ. ಆದರೆ ಯಾವ ಸೈಲೆನ್ಸರ್ ಹಾಕಿದರೂ ಮೊದಲು ಲೀಕ್ ನಿಲ್ಲಿಸಬೇಕು. ನಿಮ್ಮ ಮೂರನೇ ತೊಂದರೆ, ಆ ಪಟಾಕಿ, ಹೆಚ್ಚಾಗಿ ಲೀಕಿನದೇ.

ಆಕ್ಸಿಲರೇಟರ್ ಬಿಟ್ಟಾಗ ಸಿಲಿಂಡರ್ ಒಳಗೆ ಮಿಶ್ರಣ ಸರಿಯಾಗಿ ಉರಿಯೋದಿಲ್ಲ, ಉರಿಯದ ಪೆಟ್ರೋಲ್ ಆವಿ ಬೆಂಡ್ ಪೈಪಿಗೆ ಬರುತ್ತೆ. ಅಲ್ಲಿ ಕೆಂಡದಂಥ ಬಿಸಿ ಇದೆ, ಇಲ್ಲದಿರೋದು ಗಾಳಿ ಮಾತ್ರ. ಹೆಡ್ಡಿನ (ಸಿಲಿಂಡರಿನ ಮೇಲ್ಭಾಗದ) ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಂಡು ಅಲ್ಲೇ ಹೊತ್ತಿಕೊಳ್ಳುತ್ತೆ. ಗಿಡ್ಡ ಸೈಲೆನ್ಸರ್ ಆದರೆ ಹಿಂದಿನ ಬಾಯಿಂದಲೂ ಗಾಳಿ ವಾಪಸ್ ನುಗ್ಗುತ್ತೆ.

ಪರೀಕ್ಷೆ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ದಪ್ಪ ಗ್ಲೌಸ್ ಹಾಕಿ, ಒದ್ದೆ ಬಟ್ಟೆ ನಾಲ್ಕು ಮಡಿಕೆ ಮಾಡಿ, ಸ್ಟಾರ್ಟ್ ಮಾಡಿದ ಕೂಡಲೇ ಒಬ್ಬರು ಹಿಂದಿನ ಬಾಯಿ ಮುಚ್ಚಿ ಹಿಡಿಯಬೇಕು, ಮೂರು ನಾಲ್ಕು ಸೆಕೆಂಡ್ ಸಾಕು. ಎಲ್ಲಾ ಜಾಯಿಂಟ್ ಬಿಗಿಯಾಗಿದ್ದರೆ ಎಂಜಿನ್ ಉಸಿರುಕಟ್ಟಿ ನಿಲ್ಲೋಕೆ ಬರುತ್ತೆ. ಆರಾಮಾಗಿ ಓಡುತ್ತಲೇ ಇದ್ದರೆ ಗ್ಯಾಸ್ ಬೇರೆಲ್ಲೋ ದಾರಿ ಹುಡುಕಿಕೊಂಡಿದೆ. ಚುಸ್ ಚುಸ್ ಎಲ್ಲಿಂದ ಬರುತ್ತೆ ಕೇಳಿ, ಸೋಪಿನ ನೀರು ಹಚ್ಚಿದರೆ ಗುಳ್ಳೆ ತೋರಿಸುತ್ತೆ. ಬಿಸಿ ಗಾಡಿಯಲ್ಲಿ ಇದನ್ನು ಮಾಡಬೇಡಿ, ಕೈ ಸುಡುತ್ತೆ. ಮುಚ್ಚಿದ ಶೆಡ್ಡಿನಲ್ಲಂತೂ ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ನೋಡಬೇಕಾದ ಜಾಗ: ಹೆಡ್ ಮತ್ತು ಬೆಂಡ್ ಪೈಪ್ ಸೇರುವಲ್ಲಿ, ಬೆಂಡ್ ಪೈಪ್ ಮತ್ತು ಸೈಲೆನ್ಸರ್ ಕ್ಲಾಂಪ್‌ನಲ್ಲಿ, ಬಾಟಲಿನ ವೆಲ್ಡಿಂಗ್ ಗೆರೆಯಲ್ಲಿ. ಜಾಯಿಂಟಿನ ಸುತ್ತ ಕರಿ ಮಸಿಯ ಗೆರೆ ಕಂಡರೆ ಬೇರೆ ಪರೀಕ್ಷೆ ಬೇಕಿಲ್ಲ.

ಹೆಡ್ಡಿನ ಗ್ಯಾಸ್ಕೆಟ್ ರಿಂಗ್ ಒಂದು ಸಲ ಒತ್ತಿಕೊಂಡ ಮೇಲೆ ಮುಗಿಯಿತು, ಬೆಂಡ್ ಪೈಪ್ ಬಿಚ್ಚಿದ ಪ್ರತಿ ಸಲ ಹೊಸದು ಹಾಕಿ. ಕೂರಿಸುವಾಗ ಎಲ್ಲಾ ನಟ್ ಬೋಲ್ಟ್ ಬೆರಳಲ್ಲಿ ಮಾತ್ರ ಹಿಡಿಸಿ, ಸೈಲೆನ್ಸರ್ ತನ್ನ ಜಾಗದಲ್ಲಿ ತಾನೇ ಕೂರಲಿ. ಆಮೇಲೆ ಹೆಡ್ಡಿನ ಕಡೆಯ ನಟ್‌ಗಳನ್ನು ಅದೊಂದು ಸುತ್ತು ಇದೊಂದು ಸುತ್ತು ಅಂತ ಸಮನಾಗಿ, ನಂತರ ಚಾಸಿ ಬ್ರ್ಯಾಕೆಟ್ ಬೋಲ್ಟ್, ಕೊನೆಗೆ ಕ್ಲಾಂಪ್. ಹಿಂದಿನ ಬ್ರ್ಯಾಕೆಟ್ ಮೊದಲು ಬಿಗಿದರೆ ಪೈಪ್ ಓರೆಯಾಗಿ ಎಳೆದುಕೊಂಡೇ ಇರುತ್ತೆ. ರಿಂಗ್ ಒಂದು ಬದಿಗೆ ಮಾತ್ರ ಕೂರುತ್ತೆ, ಇಲ್ಲಾಂದರೆ ಕೆಲವು ತಿಂಗಳಲ್ಲಿ ಬ್ರ್ಯಾಕೆಟ್ ವೆಲ್ಡಿಂಗ್ ಸೀಳುತ್ತೆ. ಮೊದಲ ಓಡಾಟ ಮುಗಿದು ತಣ್ಣಗಾದ ಮೇಲೆ ಇನ್ನೊಂದು ಸಲ ಬಿಗಿ ನೋಡಿ.

ಲೀಕ್ ನಿಂತ ಮೇಲೂ ಸ್ವಲ್ಪ ಪಟ್ ಪಟ್ ಉಳಿದರೆ ಕಾರ್ಬುರೇಟರಿನ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ರಿಚ್ ಕಡೆಗೆ, ಅಂದರೆ ಪೆಟ್ರೋಲ್ ಹೆಚ್ಚಾಗುವ ಕಡೆಗೆ, ತಿರುಗಿಸಿ. ಸ್ಕ್ರೂ ಎಂಜಿನ್ ಬದಿಗಿದ್ದರೆ ಬಿಚ್ಚಿದಷ್ಟೂ ಪೆಟ್ರೋಲ್ ಹೆಚ್ಚು, ಏರ್ ಫಿಲ್ಟರ್ ಬದಿಗಿದ್ದರೆ ಬಿಚ್ಚಿದಷ್ಟೂ ಗಾಳಿ ಹೆಚ್ಚು. ಇದು ತಿಳಿಯದೆ ತಿರುಗಿಸಿದರೆ ಪಟಾಕಿ ಜಾಸ್ತಿ ಆಗುತ್ತೆ.

ಹಾಸನ_350
ಧನ್ಯವಾದ ಅಣ್ಣ. ಕ್ಲಾಂಪ್ ಹತ್ತಿರ ಕರಿ ಗೆರೆ ಇದೆ. ಅದನ್ನು ಮೊದಲು ಸರಿ ಮಾಡ್ತೀನಿ. ಉಳಿದ ಸದ್ದಿಗೆ ಗ್ಲಾಸ್‌ವೂಲ್ (ಗಾಜಿನ ಎಳೆಯ ಉಣ್ಣೆ) ತುಂಬಿಸಿದರೆ ಸಾಕಾ, ಬಾಫಲ್ (ಗ್ಯಾಸಿನ ದಾರಿಗೆ ಒಳಗೆ ಕೂರಿಸುವ ತಡೆ) ಬೇಕಾ?

ತೂತುಲೆಕ್ಕ
ಎರಡೂ ಬೇರೆ ಬೇರೆ ಸದ್ದಿಗೆ. ನೀವು ಬರೆದ ಮೊದಲ ಎರಡು ತೊಂದರೆಗಳಿಗೆ ಒಂದೇ ಮದ್ದು ಇಲ್ಲ.

ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಹೊಡೆಯುತ್ತೆ. ನಿಮಿಷಕ್ಕೆ 1000 ಸುತ್ತಿನ ಐಡಲಿಂಗ್‌ನಲ್ಲಿ ಸೆಕೆಂಡಿಗೆ 8 ಹೊಡೆತ, 3000 ಸುತ್ತಿನಲ್ಲಿ 25. ಅದರ ಮೇಲೆ 50, 75, 100 ಹರ್ಟ್ಸ್ ಅಂತ ಮಡಿಕೆಗಳು ಏರುತ್ತಾ ಹೋಗುತ್ತವೆ. ಕಿಟಕಿ ಗಾಜು ನಡುಗಿಸೋದು ಈ ಕೆಳಗಿನ ಭಾಗ. ಕಿವಿಗೆ ಚುಚ್ಚೋದು 500 ಹರ್ಟ್ಸ್‌ನಿಂದ ಮೇಲಿನದು. ಗ್ಲಾಸ್‌ವೂಲ್ ಮೇಲಿನದನ್ನು ಚೆನ್ನಾಗಿ ನುಂಗುತ್ತೆ, ಕೆಳಗಿನದಕ್ಕೆ ಹೆಚ್ಚುಕಡಿಮೆ ಏನೂ ಮಾಡಲ್ಲ, ಯಾಕೆಂದರೆ ಬಾಟಲಿನಲ್ಲಿ ಉಣ್ಣೆಯ ದಪ್ಪ ಎರಡು ಸೆಂ.ಮೀ., ಅಲೆಯ ಉದ್ದ ಹಲವು ಮೀಟರ್.

ಕೆಳಗಿನ ಸದ್ದಿಗೆ ಬೇಕಿರೋದು ಜಾಗ ಮತ್ತು ತಡೆ. ನಿಮ್ಮ ಬಾಟಲಿನ ಒಟ್ಟು ಗಾತ್ರ ಲೆಕ್ಕ ಹಾಕಿದರೆ 2.2 ಲೀಟರ್, ಎಂಜಿನ್ 346 ಸಿ.ಸಿ. ಅಂದರೆ ಆರು ಪಟ್ಟು ಚಿಲ್ಲರೆ. ರಸ್ತೆ ಗಾಡಿಗೆ ಕನಿಷ್ಠ ಹತ್ತು ಪಟ್ಟು ಇರಲಿ ಅನ್ನೋದು ಕೆಲಸದ ಲೆಕ್ಕ, ಅಂದರೆ ಮೂರೂವರೆ ಲೀಟರ್. 10 ಸೆಂ.ಮೀ. ವ್ಯಾಸದ, 60 ಸೆಂ.ಮೀ. ಉದ್ದದ ಬಾಟಲಿಗೆ 4.7 ಲೀಟರ್ ಬರುತ್ತೆ.

ಉದ್ದಕ್ಕೂ ಅರ್ಥ ಇದೆ. ಖಾಲಿ ಕೋಣೆಯೊಂದು ತನ್ನ ಉದ್ದದ ನಾಲ್ಕು ಪಟ್ಟು ಇರುವ ಅಲೆಯನ್ನು ಅತ್ಯಂತ ಚೆನ್ನಾಗಿ ತಡೆಯುತ್ತೆ. 300 ಡಿಗ್ರಿ ಸೆಲ್ಸಿಯಸ್ ಬಿಸಿ ಗ್ಯಾಸಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 480 ಮೀಟರ್. 35 ಸೆಂ.ಮೀ. ಕೋಣೆಗೆ ಅದು 340 ಹರ್ಟ್ಸ್ ಹತ್ತಿರ, 60 ಸೆಂ.ಮೀ. ಕೋಣೆಗೆ 200 ಹರ್ಟ್ಸ್. ಲಾಂಗ್ ಬಾಟಲ್ ಗಾಡಿ ಮೆತ್ತಗೆ ಕೇಳೋದು ಇದಕ್ಕೇ. ಶಾರ್ಟ್ ಬಾಟಲನ್ನು ಏನು ಮಾಡಿದರೂ ಲಾಂಗ್ ಬಾಟಲಿನ ಮಟ್ಟಕ್ಕೆ ತರೋಕಾಗಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಆದರೆ ಈಗಿರೋದಕ್ಕಿಂತ ಸಾಕಷ್ಟು ಇಳಿಸಬಹುದು.

ಲೇತ್_ತುಮಕೂರು
ಬಾಫಲ್ ಬಗ್ಗೆ ನಾನು ಬರೀತೀನಿ. ಅಂಗಡಿಯಲ್ಲಿ ಡಿಬಿ ಕಿಲ್ಲರ್ ಅಂತ ರೆಡಿ ಸಿಗೋದು ಬಹುಪಾಲು ತೆಳು ತಗಡು, ಅಳತೆ ಕೂರಲ್ಲ, ಒಳಗೆ ಗಡಗಡ ಅನ್ನುತ್ತೆ. ಲೇತಿನಲ್ಲಿ ಮಾಡಿಸಿದರೆ ಒಂದು ಗಂಟೆ ಕೆಲಸ.

ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 304 ಪೈಪ್, ಹೊರವ್ಯಾಸ 25 ಮಿ.ಮೀ., ಗೋಡೆ ದಪ್ಪ 1.5 ಮಿ.ಮೀ., ಉದ್ದ 110 ರಿಂದ 120. ಇದರ ಬಾಯಿ 22 ಮಿ.ಮೀ. ಉಳಿಯುತ್ತೆ. ಎಂಜಿನ್ ಕಡೆಯ ತುದಿಯನ್ನು ಪ್ಲೇಟ್ ಇಟ್ಟು ಪೂರ್ತಿ ಮುಚ್ಚಿ. ಹಿಂದಿನ ತುದಿ ತೆರೆದಿರಲಿ, ಅಲ್ಲಿ ನಿಮ್ಮ ಜಾಲಿ ಪೈಪಿನ ಒಳವ್ಯಾಸಕ್ಕೆ ಸರಿಯಾಗಿ ಒಂದು ಚಕ್ರ. ಹೊರವ್ಯಾಸ 45, ತಗಡು 1.5 ಅಂದರೆ ಒಳಗೆ 42, ಚಕ್ರ 41.5 ತಿರುಗಿಸಿ. ಅದಕ್ಕಿಂತ ಬಿಗಿ ಮಾಡಿದರೆ ಬಿಸಿಗೆ ಹಿಗ್ಗಿ ಕಚ್ಚಿಕೊಳ್ಳುತ್ತೆ, ಸಡಿಲ ಮಾಡಿದರೆ ಸುತ್ತಲಿಂದ ಗ್ಯಾಸ್ ತಪ್ಪಿಸಿಕೊಂಡು ಸೀಟಿ ಹೊಡೆಯುತ್ತೆ.

ಗ್ಯಾಸ್ ಒಳಗೆ ಬರೋದು ಪಕ್ಕದ ತೂತುಗಳಿಂದ. ಲೆಕ್ಕ: ಬೆಂಡ್ ಪೈಪ್ ಒಳವ್ಯಾಸ 32, ಅಂದರೆ ಅಡ್ಡಸೀಳಿನ ವಿಸ್ತೀರ್ಣ 804 ಚದರ ಮಿ.ಮೀ. ಒಂದು 5 ಮಿ.ಮೀ. ತೂತಿಗೆ 19.6. ಮೊದಲು 29 ತೂತು ಕೊರೆಯಿರಿ, ಅದು ಬೆಂಡ್ ಪೈಪಿನ ಶೇ. 70ರಷ್ಟು. ಓಡಿಸಿ ನೋಡಿ. ಎಂಜಿನ್ ಕಟ್ಟಿದಂತೆ ಆದರೆ ನಾಲ್ಕು ನಾಲ್ಕಾಗಿ ಸೇರಿಸುತ್ತಾ 41ರ ತನಕ ಹೋಗಿ, ಅಲ್ಲಿಗೆ ಪೂರ್ತಿ ಸಮ. ತೂತು ಹೆಚ್ಚಿಸೋದು ಸುಲಭ, ಕೊರೆದ ಮೇಲೆ ಮುಚ್ಚೋದು ಕಷ್ಟ. ಪೂರ್ತಿ ತೂತು ಕೊರೆದ ಮೇಲೂ ಕಟ್ಟಿದರೆ 22ರ ಬಾಯಿಯೇ ಇಕ್ಕಟ್ಟು ಅಂತ ಅರ್ಥ, ಆಗ 28ರ ಪೈಪಿಗೆ ಹೋಗಿ. ಕೊರೆದ ಅಂಚುಗಳನ್ನು ಅರದಿಂದ ಸವರಿ, ಚೂಪು ಅಂಚು ಬಿಟ್ಟರೆ ವೇಗದಲ್ಲಿ ಸುಯ್ ಅನ್ನುತ್ತೆ.

ಹಿಡಿಸೋದಕ್ಕೆ ಬಾಟಲಿನ ತಳಭಾಗದಿಂದ ಒಂದು ಎಂ6 ಬೋಲ್ಟ್, ಚಕ್ರದ ಅಂಚಿಗೆ ಒಳಗಡೆ ನಟ್ ವೆಲ್ಡ್. ನೈಲಾಕ್ ನಟ್ ಬೇಡ, ಅದರ ನೈಲಾನ್ ಕರಗಿ ಮೊದಲ ದಿನವೇ ಹಿಡಿತ ಬಿಡುತ್ತೆ. ಪೂರ್ತಿ ಲೋಹದ ಲಾಕ್ ನಟ್ ಅಥವಾ ಸ್ಪ್ರಿಂಗ್ ವಾಷರ್ ಹಾಕಿ, ಎಳೆಗೆ ಕಾಪರ್ ಗ್ರೀಸ್ ಹಚ್ಚಿ. ಗ್ರೀಸ್ ಇಲ್ಲದಿದ್ದರೆ ಆರು ತಿಂಗಳ ಮೇಲೆ ಬಿಚ್ಚೋಕೆ ಹೋದಾಗ ಬೋಲ್ಟಿನ ತಲೆ ಕೈಗೆ ಬರುತ್ತೆ.

ಒಂದು ಎಚ್ಚರಿಕೆ. ಗುಜರಿಯಲ್ಲಿ ಸಿಗುತ್ತೆ ಅಂತ ಜಿಐ ನೀರಿನ ಪೈಪ್ ತರಬೇಡಿ. ಅದರ ಸತುವಿನ ಲೇಪ ವೆಲ್ಡಿಂಗ್‌ನಲ್ಲಿ ಬಿಳಿ ಹೊಗೆಯಾಗಿ ಎದ್ದು ವೆಲ್ಡರಿಗೆ ಚಳಿಜ್ವರ ಬರಿಸುತ್ತೆ. ಸೈಲೆನ್ಸರನ್ನು ಗಾಡಿಯಲ್ಲೇ ಇಟ್ಟು ವೆಲ್ಡ್ ಮಾಡಿಸಲೂಬೇಡಿ, ಬಿಚ್ಚಿ ಕೊಡಿ. ಫ್ಯುಯೆಲ್ ಇಂಜೆಕ್ಷನ್ ಗಾಡಿಯಾದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗುವ ಅಪಾಯ ಬೇರೆ.

ಮಲ್ನಾಡ್_ರೈಡರ್
ಇಷ್ಟೆಲ್ಲಾ ಯಾಕೆ, ಪಾತ್ರೆ ತಿಕ್ಕೋ ಸ್ಟೀಲ್ ನಾರು ನಾಲ್ಕು ಉಂಡೆ ಒಳಗೆ ತುರುಕಿದರೆ ಸದ್ದು ಇಳಿಯುತ್ತಲ್ಲ?

ಲೇತ್_ತುಮಕೂರು
ಮೊದಲ ವಾರ ಇಳಿಯುತ್ತೆ, ನಿಜ. ಆಮೇಲೆ ಹೊಡೆತಕ್ಕೆ ಆ ತೆಳು ಎಳೆ ಕಪ್ಪಾಗಿ ತುಂಡಾಗುತ್ತೆ. ಅರ್ಧ ಹಿಂದಿನವರ ಮೇಲೆ ಹಾರುತ್ತೆ, ಉಳಿದರ್ಧ ಒಂದೇ ಕಡೆ ಗಟ್ಟಿಯಾಗಿ ಕೂತು ದಾರಿ ಮುಚ್ಚುತ್ತೆ. ಆಗ ಬೆಂಡ್ ಪೈಪ್ ನೀಲಿಗೆ ತಿರುಗುತ್ತೆ, ಏರಿನಲ್ಲಿ ಗಾಡಿ ಎಳೆಯಲ್ಲ. ಬಟ್ಟೆ, ತೆಂಗಿನ ನಾರು ತುರುಕೋರೂ ಇದ್ದಾರೆ, ಅದು ಬೆಂಕಿ.

ಉಣ್ಣೆ_ಮತ್ತು_ರಿವೆಟ್
ಗ್ಲಾಸ್‌ವೂಲ್ ಕೆಲಸವನ್ನು ವಿವರವಾಗಿ ಬರೀತೀನಿ, ಯಾಕೆಂದರೆ ತಪ್ಪು ಹೆಚ್ಚಾಗಿ ಇಲ್ಲೇ ಆಗೋದು. ಗ್ಯಾರೇಜಿನಲ್ಲಿ ಪ್ಯಾಕಿಂಗ್ ಅಂದರೆ ಗ್ಯಾಸ್ಕೆಟ್ ಅಂತ ತಿಳ್ಕೊಳ್ತಾರೆ. ಹಾಗಾಗಿ ಗ್ಲಾಸ್‌ವೂಲ್ ಅಂತಲೇ ಹೇಳಿ.

ಸಾಮಾನು: ಉದ್ದ ಎಳೆಯ ಇ-ಗ್ಲಾಸ್ ಚಾಪೆ ಅಥವಾ ಸೈಲೆನ್ಸರಿಗೇ ಅಂತ ಮಾರುವ ಉಣ್ಣೆ. ಚಾವಣಿಗೆ, ಎಸಿ ಡಕ್ಟಿಗೆ ಹಾಕುವ ಹಳದಿ ಗ್ಲಾಸ್‌ವೂಲ್ ಬೇಡ. ಅದು ಗಿಡ್ಡ ಎಳೆ, ಒಂದಕ್ಕೊಂದು ಅಂಟಿಸಿರುವ ಅಂಟು 250 ಡಿಗ್ರಿ ಸುತ್ತಮುತ್ತ ಸುಟ್ಟು ಹೋಗುತ್ತೆ, ಆಮೇಲೆ ಪುಡಿ ಪುಡಿಯಾಗಿ ಹಾರಿ ಹೋಗುತ್ತೆ. ಸದ್ದು ಒಂದು ತಿಂಗಳಲ್ಲಿ ವಾಪಸ್. ಜತೆಗೆ ಎಸ್‌ಎಸ್ ಉಣ್ಣೆ ಅಥವಾ ಸಣ್ಣ ಕಣ್ಣಿನ ಎಸ್‌ಎಸ್ ಜಾಲರಿ, ತೆಳು ಎಸ್‌ಎಸ್ ತಂತಿ, 4.8 ಮಿ.ಮೀ. ಸ್ಟೀಲ್ ಪಾಪ್ ರಿವೆಟ್, 5 ಮಿ.ಮೀ. ಡ್ರಿಲ್ ಬಿಟ್, ಬಿಸಿ ತಡೆಯುವ ಸಿಲಿಕಾನ್.

ಎಷ್ಟು ಬೇಕು? ಬಾಟಲಿನ ಒಳವ್ಯಾಸ 9 ಸೆಂ.ಮೀ., ಜಾಲಿ 4.5, ಉದ್ದ 35. ನಡುವಿನ ಜಾಗ 1.67 ಲೀಟರ್. ಲೀಟರಿಗೆ 100 ರಿಂದ 150 ಗ್ರಾಂ ಲೆಕ್ಕ, 120 ಹಿಡಿದರೆ 200 ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ತೂಗಿಯೇ ಹಾಕಿ. ಜಾಸ್ತಿ ಹಾಕಿದಷ್ಟೂ ಒಳ್ಳೇದು ಅಂತ ಗಿಡಿದರೆ ಉಣ್ಣೆ ಗೋಡೆಯಂತಾಗುತ್ತೆ, ಸದ್ದು ಒಳಗೆ ಇಳಿಯದೆ ಪುಟಿದು ಬರುತ್ತೆ. ಕಮ್ಮಿ ಹಾಕಿದರೆ ಹೊಡೆತಕ್ಕೆ ಅಲುಗಾಡಿ ಹಿಂದಕ್ಕೆ ಸರಿದು ಮುಂದಿನ ಅರ್ಧ ಖಾಲಿ.

ಕೆಲಸ: ರಿವೆಟ್ ತಲೆಗೆ ಪಂಚ್ ಇಟ್ಟು ಗುರುತು ಮಾಡಿ 5 ಮಿ.ಮೀ. ಬಿಟ್‌ನಲ್ಲಿ ತಲೆ ಮಾತ್ರ ತೆಗೆಯಿರಿ. ಹಿಂದಿನ ಮುಚ್ಚಳವನ್ನು ಮರದ ತುಂಡು ಇಟ್ಟು ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿ ಬಿಡಿಸಿ. ಹಳೆ ಉಣ್ಣೆ ತೆಗೆಯುವಾಗ ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಬೇಕು. ಮೊದಲು ಅದನ್ನು ನೀರು ಚಿಮುಕಿಸಿ ಒದ್ದೆ ಮಾಡಿ, ಎಳೆ ಗಾಳಿಗೆ ಏಳೋದಿಲ್ಲ.

ಈಗ ಜಾಲಿ ನೋಡಿ, ಇದನ್ನು ಯಾರೂ ನೋಡಲ್ಲ. ತೂತುಗಳಲ್ಲಿ ಇಂಗಾಲ ಕಟ್ಟಿರುತ್ತೆ, ತಂತಿ ಬ್ರಷ್ ಹಾಕಿ ಪ್ರತಿ ತೂತೂ ತೆರೆಯಬೇಕು. ಅಗ್ಗದ ಸೈಲೆನ್ಸರ್‌ಗಳಲ್ಲಿ ತೂತುಗಳೇ ವಿರಳ, ಶೇ. 10 ಕೂಡ ತೆರೆದಿರಲ್ಲ. ಅಂಥ ಜಾಲಿಯ ಸುತ್ತ ಎಂಥ ಉಣ್ಣೆ ಹಾಕಿದರೂ ಸದ್ದು ಅದರ ಬಳಿ ಹೋಗೋದೇ ಇಲ್ಲ. ಶೇ. 30ಕ್ಕಿಂತ ಹೆಚ್ಚು ತೆರೆದಿರಬೇಕು. 3 ಮಿ.ಮೀ. ತೂತು, 5 ಮಿ.ಮೀ. ನಡುಅಂತರ, ಒಂದು ಸಾಲು ಬಿಟ್ಟು ಒಂದು ಸಾಲು ಸರಿದಿರುವ ಜೋಡಣೆಯ ತಗಡು ತಗೊಂಡರೆ ಶೇ. 32 ಬರುತ್ತೆ. ಅದನ್ನು ಸುತ್ತಿ ಆರ್ಗಾನ್ ವೆಲ್ಡಿಂಗ್ ಮಾಡಿಸಿ ಹೊಸ ಜಾಲಿ ಮಾಡಬಹುದು.

ಜಾಲಿಗೆ ಮೊದಲು ಎಸ್‌ಎಸ್ ಉಣ್ಣೆ ಅರ್ಧ ಸೆಂ.ಮೀ. ದಪ್ಪ ಸುತ್ತಿ ತಂತಿ ಕಟ್ಟಿ. ನೇರ ಜ್ವಾಲೆಯ ಏಟು ಅದು ತಿನ್ನುತ್ತೆ, ಗ್ಲಾಸ್ ಉಳಿಯುತ್ತೆ. ಮೇಲೆ ಗ್ಲಾಸ್ ಚಾಪೆ ಸುರುಳಿ ಸುತ್ತಿ ಹತ್ತಿ ದಾರ ಕಟ್ಟಿ, ದಾರ ಮೊದಲ ಬಿಸಿಗೇ ಸುಟ್ಟು ಹೋಗಿ ಉಣ್ಣೆ ಅರಳಿಕೊಂಡು ಜಾಗ ತುಂಬುತ್ತೆ. ಬಾಟಲಿಗೆ ತಳ್ಳುವಾಗ ಉಣ್ಣೆ ಹಿಂದಕ್ಕೆ ಸುಕ್ಕುಗಟ್ಟುತ್ತಿದ್ದರೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ತಳ್ಳಿ, ಕೊನೆಗೆ ಹಾಳೆ ಎಳೆದುಬಿಡಿ. ಮುಚ್ಚಳದ ಅಂಚಿಗೆ ಸಿಲಿಕಾನ್ ತೆಳುವಾಗಿ ಹಚ್ಚಿ ರಿವೆಟ್ ಹೊಡೆಯಿರಿ. ಎದುರುಬದುರು ಹೊಡೆಯಿರಿ, ಸುತ್ತ ಸಾಲಾಗಿ ಹೊಡೆದರೆ ಮುಚ್ಚಳ ಓರೆ ಕೂರುತ್ತೆ. ಅಲ್ಯೂಮಿನಿಯಂ ರಿವೆಟ್ ಸ್ಟೀಲ್ ಬಾಟಲಿನಲ್ಲಿ ಬಿಸಿಗೆ ಸಡಿಲಾಗುತ್ತೆ, ಬೇಡ. ಸಿಲಿಕಾನಿಗೆ 24 ಗಂಟೆ ಬಿಡಿ. ಮೊದಲ ಸ್ಟಾರ್ಟ್‌ನಲ್ಲಿ ಹತ್ತು ನಿಮಿಷ ಹೊಗೆ, ವಾಸನೆ ಬರುತ್ತೆ, ಬಯಲಲ್ಲಿ ಮಾಡಿ.

ಮತ್ತೆ ಯಾವಾಗ ಬದಲಿಸಬೇಕು ಅಂದರೆ ಬಾಟಲಿನ ಮೈ ಹೇಳುತ್ತೆ. ಒಂದೇ ಜಾಗದಲ್ಲಿ ಬಣ್ಣ ಸುಟ್ಟು ಕಂದು ಮಚ್ಚೆ ಎದ್ದರೆ ಅದರ ಹಿಂದೆ ಉಣ್ಣೆ ಇಲ್ಲ.

ಹುಬ್ಬಳ್ಳಿ_ಗ್ಯಾರೇಜ್
ಗ್ಲಾಸ್‌ವೂಲ್ ಬದ್ಲಿ ಸಿರಾಮಿಕ್ ವೂಲ್ ಹಾಕಿದ್ರ ಹೆಂಗ್ರಿ? ಅದು ಸಾವಿರದ ಮ್ಯಾಲಿನ ಡಿಗ್ರಿ ತಡಕೊಂತದ. ಕುಲುಮಿಗೆ ಹಾಕ್ತಾರಲ್ರಿ, ಅದ. ಗ್ಲಾಸ್‌ಗಿಂತ ಬಾಳಿಕಿ ಬರಬೇಕಲ್ಲ?

ಉಣ್ಣೆ_ಮತ್ತು_ರಿವೆಟ್
ಬಿಸಿ ತಡೆಯೋದು ನಿಜ ರೀ. ಆದರೆ ಸೈಲೆನ್ಸರಿನಲ್ಲಿ ಉಣ್ಣೆ ಸಾಯೋದು ಬಿಸಿಯಿಂದ ಮಾತ್ರ ಅಲ್ಲ, ಸೆಕೆಂಡಿಗೆ ಇಪ್ಪತ್ತೈದು ಸಲ ಬೀಳುವ ಹೊಡೆತದಿಂದ. ಸಿರಾಮಿಕ್ ಎಳೆ ಗಿಡ್ಡ, ಕಡಕ್, ಮುರಿದು ಧೂಳಾಗಿ ಹಿಂದಿನ ಬಾಯಿಂದ ಹೋಗುತ್ತೆ. ಆ ಧೂಳು ಉಸಿರಿಗೆ ಗ್ಲಾಸಿಗಿಂತ ಕೆಟ್ಟದ್ದು. ಕುಲುಮೆಯಲ್ಲಿ ಅದು ಅಲುಗಾಡದೆ ಕೂತಿರುತ್ತೆ. ಬಿಸಿ ಜಾಸ್ತಿ ಅನ್ನಿಸಿದರೆ ಬಸಾಲ್ಟ್ ಎಳೆ ತಗೊಳ್ಳಿ. ಹಳೇ ಗ್ಯಾರೇಜಿನಲ್ಲಿ ಆಸ್ಬೆಸ್ಟಾಸ್ ಹಗ್ಗ ಕೊಟ್ಟರೆ ಮುಟ್ಟಲೇಬೇಡಿ.

ಹುಬ್ಬಳ್ಳಿ_ಗ್ಯಾರೇಜ್
ಹೊಡತದ್ದು ಲಕ್ಷ್ಯಕ್ಕ ಬಂದಿದ್ದಿಲ್ರಿ. ಸರಿ ಅದ. ಒಂದು ಮಾತು ನಾನೂ ಸೇರಸ್ತೀನಿ: ಹೊರಗಿನ ಸೈಲೆನ್ಸರ್ ಕೂಡ ಕಾರ್ಬುರೇಟರಿಗೆ ದೊಡ್ಡ ಮೇನ್ ಜೆಟ್ (ಪೆಟ್ರೋಲ್ ಬಿಡೋ ತೂತು) ಹಾಕಸಿದ್ರ, ಬಾಫಲ್ ಕೂಡಿಸಿದ ಮ್ಯಾಲೆ ಪೆಟ್ರೋಲ್ ಹೆಚ್ಚಾಗ್ತದ. ಪ್ಲಗ್ ಬಿಚ್ಚಿ ನೋಡ್ರಿ. ಮಸಿ ಹಿಡದಿದ್ರ ಕಂಪನಿ ಜೆಟ್ ವಾಪಸ್ ಹಾಕ್ರಿ, ತಿಳಿ ಕಂದು ಇದ್ರ ಮುಟ್ಟಬ್ಯಾಡ್ರಿ. ಬೆಳ್ಳಗಿದ್ರ ಗಾಳಿ ಹೆಚ್ಚಾಗೇದ ಅಂತ ತಿಳೀರಿ.

ಹಾಸನ_350
ಒಂದು ಅನುಮಾನ. ಬ್ಯಾಕ್ ಪ್ರೆಷರ್ (ಹೊರಗೆ ಹೋಗುವ ಹೊಗೆಗೆ ಎದುರಾಗುವ ಒತ್ತಡ) ಇಲ್ಲದಿದ್ದರೆ ಎಂಜಿನ್ ಹಾಳಾಗುತ್ತೆ, ಹಾಗಾಗಿ ಬಾಫಲ್ ಎಂಜಿನಿಗೂ ಒಳ್ಳೇದು ಅಂತ ಮೆಕ್ಯಾನಿಕ್ ಹೇಳಿದರು. ಹೌದಾ?

ತೂತುಲೆಕ್ಕ
ಎಂಜಿನಿಗೆ ಬ್ಯಾಕ್ ಪ್ರೆಷರ್ ಯಾವತ್ತೂ ಬೇಕಿಲ್ಲ. ಬೇಕಿರೋದು ಪೈಪಿನ ಉದ್ದ ಮತ್ತು ವ್ಯಾಸದಿಂದ ಹುಟ್ಟುವ ಎಳೆತ, ಅದು ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೊರಗೆ ಸೆಳೆಯುತ್ತೆ. ದೊಡ್ಡ ಬಾಯಿಯ ಗಿಡ್ಡ ಪೈಪಿನಲ್ಲಿ ಆ ಎಳೆತ ತಪ್ಪಿ ಕೆಳಗಿನ ವೇಗದಲ್ಲಿ ಗಾಡಿ ಎಳೆಯೋದು ಕಮ್ಮಿ ಆಗುತ್ತೆ. ಅದನ್ನೇ ಜನ ಬ್ಯಾಕ್ ಪ್ರೆಷರ್ ಹೋಯಿತು ಅಂತಾರೆ. ಬಾಫಲ್ ಹಾಕಿದರೆ ಸದ್ದು ಇಳಿಯುತ್ತೆ, ಮೇಲಿನ ವೇಗದಲ್ಲಿ ಶಕ್ತಿ ಸ್ವಲ್ಪ ಇಳಿಯುತ್ತೆ. ಅಷ್ಟೇ ವ್ಯವಹಾರ.

ಡೆಸಿಬೆಲ್_ಮೈಸೂರು
ಅಳೆಯದೆ ಕೆಲಸ ಮಾಡಿದರೆ ಕಿವಿ ಮೋಸ ಮಾಡುತ್ತೆ. ಎರಡು ದಿನಕ್ಕೆ ಯಾವ ಸದ್ದಿಗೂ ಒಗ್ಗಿಕೊಳ್ಳುತ್ತೆ. ಮಾಡುವ ಮೊದಲು ಒಂದು ಸಲ, ಪ್ರತಿ ಹಂತದ ಮೇಲೆ ಒಂದು ಸಲ ಅಳೆಯಿರಿ.

ನಿಂತ ಗಾಡಿಯ ಅಳತೆಗೆ ಐಎಸ್‌ಒ 5130 ಅನ್ನೋ ಅಂತರರಾಷ್ಟ್ರೀಯ ಕ್ರಮ ಅನುಸರಿಸಿ. ಮೈಕು ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರ, ಗ್ಯಾಸ್ ಹೋಗುವ ದಿಕ್ಕಿಗೆ 45 ಡಿಗ್ರಿ ಓರೆ, ಬಾಯಿಯ ಎತ್ತರದಲ್ಲೇ, ಆದರೆ ನೆಲದಿಂದ 20 ಸೆಂ.ಮೀ. ಗಿಂತ ಕೆಳಗಲ್ಲ. ಸುತ್ತ ಮೂರು ಮೀಟರ್ ಗೋಡೆ, ಕಾರು ಏನೂ ಇರಬಾರದು. ಗರಿಷ್ಠ ಶಕ್ತಿಯ ಸುತ್ತು 5000ಕ್ಕಿಂತ ಹೆಚ್ಚಿರುವ ಬೈಕಿಗೆ ಅದರ ಅರ್ಧ ಸುತ್ತಿನಲ್ಲಿ ಹಿಡಿದು, ತಟ್ಟನೆ ಬಿಡಬೇಕು. ನಿಮ್ಮ ಗಾಡಿಗೆ ಅದು 5250, ಹಾಗಾಗಿ 2625 ಸುತ್ತು. ಮೂರು ಸಲ ಅಳೆದು, ಮೂರೂ 2 ಡೆಸಿಬೆಲ್ ಒಳಗೆ ಬಂದರೆ ಮಾತ್ರ ನಂಬಿ.

ಕ್ಲಾಸಿಕ್‌ನಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಆದರೆ ದಾರಿ ಇದೆ. ಮೊಬೈಲಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿ. ಕಡ್ಡಿ ಕಡ್ಡಿಯಾಗಿ ಸಾಲು ಕಾಣುತ್ತೆ. ಪಕ್ಕಪಕ್ಕದ ಎರಡು ಕಡ್ಡಿಗಳ ಅಂತರವನ್ನು 120ರಿಂದ ಗುಣಿಸಿ. ಅಂತರ 22 ಹರ್ಟ್ಸ್ ಇದ್ದರೆ 2640 ಸುತ್ತು, ಸರಿಯಾದ ಜಾಗ.

ಮೊಬೈಲ್ ಮೈಕ್ ನೂರರ ಹತ್ತಿರ ತುಂಬಿ ಹೋಗಿ ಸುಳ್ಳು ಹೇಳಬಹುದು, ಹಾಗಾಗಿ ಅಂಕಿಗಿಂತ ವ್ಯತ್ಯಾಸ ಮುಖ್ಯ. 3 ಇಳಿದರೆ ಶಕ್ತಿ ಅರ್ಧ ಆಯಿತು ಅಂತ ಲೆಕ್ಕ, ಕಿವಿಗೆ ಅರ್ಧ ಅನ್ನಿಸಬೇಕಾದರೆ 10 ಇಳಿಯಬೇಕು. ಇನ್ನೊಂದು: ಮೀಟರುಗಳು ಸಾಮಾನ್ಯವಾಗಿ ಎ ತೂಕದಲ್ಲಿ (ಕಿವಿಗೆ ಕೇಳುವಂತೆ ಕೆಳಗಿನ ಸದ್ದನ್ನು ಕಡಿಮೆ ಮಾಡುವ ಅಳತೆ) ತೋರಿಸುತ್ತವೆ, ಅದು 100 ಹರ್ಟ್ಸ್‌ನಲ್ಲಿ 19 ಡೆಸಿಬೆಲ್ ಕಳೆದು ತೋರಿಸುತ್ತೆ. ಪಕ್ಕದ ಮನೆ ಗಾಜು ನಡುಗುವ ಸದ್ದು ಆ ಅಂಕಿಯಲ್ಲಿ ಕಾಣಿಸೋದೇ ಇಲ್ಲ. ಕೆಳಗಿನ ಸದ್ದನ್ನು ಅಷ್ಟಾಗಿ ಕಳೆಯದ ಸಿ ತೂಕಕ್ಕೆ ಬದಲಿಸಿ ಅದನ್ನೂ ಬರೆದಿಟ್ಟುಕೊಳ್ಳಿ. ಗ್ಲಾಸ್‌ವೂಲ್ ಹಾಕಿದ ಮೇಲೆ ಎ ಇಳಿದು ಸಿ ಹಾಗೇ ಇದ್ದರೆ ಬಾಫಲ್ ಇನ್ನೂ ಬಾಕಿ ಅಂತ.

ಉಡುಪಿ_ಕಾರು
ಬೈಕಿನವರ ನಡುವೆ ಬಂದೆ ಅಂತ ಬೇಸರ ಮಾಡಬೇಡಿ ಮಾರಾಯ್ರೆ, ಕಾರಿಗೂ ಇದೇ ಗೋಳು. ನಾಲ್ಕು ಸಿಲಿಂಡರ್ ಕಾರು, ಹಿಂದಿನ ಬಾಕ್ಸ್ ಹೊರಗಿನದ್ದು. ಹೊರಗೆ ಸದ್ದು ಅಷ್ಟೇನೂ ಇಲ್ಲ, ಆದರೆ 3000 ಸುತ್ತಿನಲ್ಲಿ ಒಳಗೆ ಕೂತರೆ ಡೂಂ ಅಂತ ತಲೆ ಹಿಡಿಯುತ್ತದೆ. ಗ್ಲಾಸ್‌ವೂಲ್ ಆಯಿತು, ಎಂತದೂ ಆಗಲಿಲ್ಲ.

ತೂತುಲೆಕ್ಕ
ಒಂದೇ ವೇಗದಲ್ಲಿ ಬರುವ ಡೂಂ ಒಂದೇ ಸ್ವರ. ನಾಲ್ಕು ಸಿಲಿಂಡರಿಗೆ 3000 ಸುತ್ತಿನಲ್ಲಿ ಅದು ಸರಿಯಾಗಿ 100 ಹರ್ಟ್ಸ್. ಅದಕ್ಕೆ ಮದ್ದು ಪಕ್ಕದ ಕವಲು ಪೈಪ್, ಗ್ಯಾರೇಜಿನವರು ಜೆ-ಪೈಪ್ ಅಂತಾರೆ. ಮುಖ್ಯ ಪೈಪಿನಿಂದ ಅದೇ ವ್ಯಾಸದ ಒಂದು ಕವಲು ತೆಗೆದು ತುದಿ ಮುಚ್ಚಿಬಿಡೋದು. ಅಲೆ ಒಳಗೆ ಹೋಗಿ ಮರಳಿ ಬರುವಷ್ಟರಲ್ಲಿ ಉಲ್ಟಾ ಆಗಿ ತನ್ನನ್ನೇ ಅಳಿಸುತ್ತೆ. ಗ್ಯಾಸ್ ಅದರೊಳಗೆ ಹರಿಯೋದಿಲ್ಲ, ಹಾಗಾಗಿ ಶಕ್ತಿ ನಷ್ಟ ಇಲ್ಲ.

ಉದ್ದ ಅಂದರೆ ಅಲೆಯ ಕಾಲು ಭಾಗ. 300 ಡಿಗ್ರಿ ಹಿಡಿದರೆ 1.2 ಮೀಟರ್. ಆದರೆ ಕವಲಿನಲ್ಲಿ ಗ್ಯಾಸ್ ನಿಂತೇ ಇರೋದರಿಂದ ತಣ್ಣಗಿರುತ್ತೆ, 150 ಡಿಗ್ರಿ ಆದರೆ 1.03 ಮೀಟರಿಗೆ ಇಳಿಯುತ್ತೆ. ಅದಕ್ಕೇ ಮೊದಲು 1.2 ಇಟ್ಟು, ತುದಿಗೆ ವೆಲ್ಡ್ ಮಾಡದೆ ಕ್ಲಾಂಪಿನ ಮುಚ್ಚಳ ಹಾಕಿ ಓಡಿಸಿ. ಡೂಂ 3000ದಲ್ಲೇ ಉಳಿದು, ಅದಕ್ಕಿಂತ ಕೆಳಗಿನ ಸುತ್ತಿನಲ್ಲಿ ಸದ್ದು ಇಳಿದಿದ್ದರೆ ಎರಡೆರಡು ಸೆಂ.ಮೀ. ಕತ್ತರಿಸುತ್ತಾ ಬನ್ನಿ. ಮೂರು ಸಿಲಿಂಡರಿನ ಕಾರಿಗೆ 2000 ಸುತ್ತಿನ ಡೂಂ 50 ಹರ್ಟ್ಸ್, ಕವಲು ಎರಡು ಮೀಟರ್ ದಾಟುತ್ತೆ, ಕೆಳಗೆ ಜಾಗ ಇರಲ್ಲ. ಅಂಥದಕ್ಕೆ ಗಿಡ್ಡ ಕತ್ತಿನ ಮುಚ್ಚಿದ ಡಬ್ಬಿ, ಹೆಲ್ಮ್‌ಹೋಲ್ಟ್ಜ್ ರೆಸೊನೇಟರ್, ಮಾಡಿಸಬೇಕು.

ಅದಕ್ಕೂ ಮೊದಲು ಕಾರು ಎತ್ತಿಸಿ ರಬ್ಬರ್ ಹ್ಯಾಂಗರ್ ನೋಡಿ. ಪೈಪ್ ಎಲ್ಲಾದರೂ ಬಾಡಿಗೆ ತಾಗಿದ್ದರೆ ಇಡೀ ನೆಲವೇ ಸ್ಪೀಕರ್ ಆಗುತ್ತೆ. ತಾಗಿದ ಜಾಗದಲ್ಲಿ ಲೋಹ ಉಜ್ಜಿ ಹೊಳೆಯುತ್ತಿರುತ್ತೆ.

ಉಡುಪಿ_ಕಾರು
ಹೊಳೆಯುವ ಗುರುತು ಉಂಟು, ಹಿಂದಿನ ಆಕ್ಸಲ್ ಮೇಲೆಯೇ! ಮೊದಲು ಅದು ಬಿಡಿಸಿ ನೋಡುತ್ತೇನೆ.

ಜೆಸಿ_ರೋಡ್
ಕಾನೂನಿನದೂ ಹೇಳಿಬಿಡೋಣ, ಇಲ್ಲಾಂದರೆ ಸದ್ದು ಇಳಿಸಿದ ಮೇಲೆ ಎಲ್ಲಾ ಸರಿ ಅಂತ ತಿಳ್ಕೊಳ್ತಾರೆ. 175 ಸಿ.ಸಿ. ಮೇಲಿನ ದ್ವಿಚಕ್ರಕ್ಕೆ 80 ಡೆಸಿಬೆಲ್ ಅನ್ನೋದು ತಯಾರಿಕೆ ಹಂತದ ಮಿತಿ. ಏಳೂವರೆ ಮೀಟರ್ ದೂರದಲ್ಲಿ ಗಾಡಿ ಹಾದು ಹೋಗುವಾಗ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಅಳೆಯೋದು. ಅರ್ಧ ಮೀಟರಿನ ಮೊಬೈಲ್ ಅಳತೆಗೂ ಅದಕ್ಕೂ ತಾಳೆ ಹಾಕಬೇಡಿ.
ಕೇಂದ್ರ ಮೋಟಾರು ವಾಹನ ನಿಯಮ 120 ಸೈಲೆನ್ಸರ್ ಕುರಿತದ್ದು. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂನಲ್ಲಿ ಶಬ್ದದ ಮಾನದಂಡ ಮೀರಿದರೆ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜತೆಗೆ 3 ತಿಂಗಳು ಲೈಸೆನ್ಸ್ ಅನರ್ಹ. 52ನೇ ಕಲಂ ಗಾಡಿಯ ಮೂಲ ವಿವರ ಬದಲಿಸಬಾರದು ಅನ್ನುತ್ತೆ, 182ಎ(4) ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು ಅಂತಲೇ ಹೇಳಿದೆ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ಬಿಚ್ಚಿಸಿ ರೋಡ್ ರೋಲರ್ ಹತ್ತಿಸಿದ್ದು ಗೊತ್ತೇ ಇದೆ. ಬಾಫಲ್, ಗ್ಲಾಸ್‌ವೂಲ್ ಪಕ್ಕದ ಮನೆಯವರ ನಿದ್ದೆ ಉಳಿಸುತ್ತೆ, ಆದರೆ ಹೊರಗಿನ ಸೈಲೆನ್ಸರನ್ನು ಕಂಪನಿಯದಾಗಿ ಮಾಡಲ್ಲ.

ಬೆಂಡ್‌ಪೈಪ್
ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯವರು ಇದನ್ನು ಓದುತ್ತಿದ್ದರೆ: ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಕಿತ್ತು ಹಾಕಿದ ಮೇಲೆ ಸದ್ದು ಜಾಸ್ತಿ ಆಯಿತು ಅನ್ನೋದಕ್ಕೆ ಬಾಫಲ್ ಉತ್ತರ ಅಲ್ಲ. ಅದರ ಜೇನುಗೂಡೇ ಅರ್ಧ ಸೈಲೆನ್ಸರ್ ಕೆಲಸ ಮಾಡ್ತಿತ್ತು. ಅದನ್ನೇ ವಾಪಸ್ ಹಾಕಿ. ಆಕ್ಸಿಜನ್ ಸೆನ್ಸರ್ ಮುಂದೆ ಲೀಕ್ ಇದ್ದರೆ ಇಸಿಯು ಗಾಳಿ ಜಾಸ್ತಿ ಅಂತ ತಪ್ಪು ತಿಳಿದು ಪೆಟ್ರೋಲ್ ಸುರಿಯುತ್ತೆ, ಮೈಲೇಜ್ ಕುಸಿಯುತ್ತೆ.

ಹಾಸನ_350
ಎಲ್ಲರಿಗೂ ತುಂಬಾ ಧನ್ಯವಾದ. ಕಂಪನಿ ಸೈಲೆನ್ಸರ್ ಹುಡುಕೋಕೆ ಶುರು ಮಾಡ್ತೀನಿ, ಸಿಗುವ ತನಕ ಹೊಸ ರಿಂಗ್, 29 ತೂತಿನ ಬಾಫಲ್, 200 ಗ್ರಾಂ ಗ್ಲಾಸ್. ಕೊನೆಯದೊಂದು: ಬಾಟಲಿನ ತಳದಲ್ಲಿ ಒಂದು ಸಣ್ಣ ತೂತಿದೆ, ಅಲ್ಲಿಂದಲೂ ಹೊಗೆ ಬರುತ್ತೆ. ಅದನ್ನೂ ವೆಲ್ಡ್ ಮಾಡಿಸಿ ಮುಚ್ಚಲಾ?

ಉಣ್ಣೆ_ಮತ್ತು_ರಿವೆಟ್
ಬೇಡ! 3 ಮಿ.ಮೀ. ಆಸುಪಾಸು ಇದ್ದರೆ ಅದು ನೀರು ಹೋಗೋಕೆ ಬಿಟ್ಟಿರೋದು. ಪೆಟ್ರೋಲ್ ಉರಿದಾಗ ನೀರೂ ಹುಟ್ಟುತ್ತೆ. ತಣ್ಣನೆ ಬಾಟಲಿನಲ್ಲಿ ಅದು ಇಬ್ಬನಿಯಂತೆ ಇಳಿದು ತಳದಲ್ಲಿ ನಿಲ್ಲುತ್ತೆ. ಹಾಲು ತರೋಕೆ, ಅಂಗಡಿಗೆ ಅಂತ ಎರಡು ಕಿಲೋಮೀಟರ್ ಓಡಿಸುವ ಗಾಡಿಯಲ್ಲಿ ಅದು ಒಣಗೋದೇ ಇಲ್ಲ. ತೂತು ಮುಚ್ಚಿದರೆ ಹೊಸ ಉಣ್ಣೆ ಒದ್ದೆಯಾಗಿ ಮುದ್ದೆ ಕಟ್ಟುತ್ತೆ, ತಳ ಒಳಗಿನಿಂದ ತುಕ್ಕು ತಿನ್ನುತ್ತೆ. ಉಣ್ಣೆ ಸುತ್ತುವಾಗ ಆ ತೂತಿನ ನೇರಕ್ಕೆ ಬೆರಳಗಲ ಎಸ್‌ಎಸ್ ಜಾಲರಿ ತುಂಡು ಇಡಿ, ಎಳೆ ಹೋಗಿ ತೂತು ಕಟ್ಟಿಕೊಳ್ಳಲ್ಲ. ಬಾಫಲ್ ಬೋಲ್ಟಿನ ಎಂ6 ತೂತನ್ನು ಇದರಿಂದ ಕನಿಷ್ಠ ನಾಲ್ಕು ಸೆಂ.ಮೀ. ಹಿಂದಕ್ಕೆ ಕೊರೆಸಿ.